ಪೂಲಿನ ಈಚೀಕಡೆ ನಿಂತ ಗಾಡಿ

ಹಲೋ… ಹಲೋ… ಯಾರ ಮಾತಾಡೋರು? ಮಿರಜಿ ಗ್ಯಾರೇಜೇನ್ರಿ? ಪರಸಪ್ಪ ಅದಾನೇನು?…

ಹಾಂ, ನೀನಽ ಏನು! ದನಿ ಯಾಕ ಹಂಗ ಬರಾಕತ್ತೈತಿ, ಗಾಡಿ ಕೆಳಗ ಮಲಕೊಂಡಿಯೇನು? ಮೊದಲ ಹೊರಗ ಬಾ. ನಾನು ಸಖುಬಾಯಿ, ಸಮಡೋಳಿಯಾಕಿ…

ಯಾವ ಸಖುಬಾಯಿ ಅಂತ ಕೇಳತೀಯಲ್ಲೋ! ಬಿಳೀ ಗಾಡಿ, ಹಿಂದಿನ ಬಾಗಲಕ್ಕ ಉದ್ದಕ ಗೆರಿ ಬಿದ್ದೈತಿ ನೋಡು, ಅದನ್ನ ಗೋಡಿಗೆ ಒರಸಿದಾಕಿ ನಾನಽ. ಈಗ ಗುರ್ತು ಹತ್ತಿತಲ್ಲಾ? ಅವರ ಮನಿಯಾಕಿ. ಅವರಂದ್ರ… ಗಂಡನ ಹೆಸರ ಹೇಳಬಾರದೋ ತಮ್ಮಾ… ಹೋಗ್ಲಿ, ಜಿನಪ್ಪ! ನಡುರಸ್ತೇದಾಗ ನಿಂತು ಹೇಳಿಬಿಟ್ಟೆ ನೋಡು. ಯಾರೂ ಕೇಳಿಲ್ಲ, ಒಂದು ಎಮ್ಮಿ ಐತಿ ಅಷ್ಟ…

ಅವರ ಕೈಯಾಗ ಎಲ್ಲಿಂದ ಕೊಡಲೋ ಫೋನು? ಅವರು ಮನ್ಯಾಗ ಅದಾರ. ನಾ ಒಬ್ಬಾಕೀನ ಬಂದೇನಿ… ಹೂಂ, ಒಬ್ಬಾಕೀನ! ಸಮಡೋಳಿಯಿಂದ ಸಾಂಗ್ಲಿವಾಡಿ ತನಕ! ಮೂರನೇ ಗೇರಿನ್ಯಾಗ! ನಾಕನೇದೂ ಒಮ್ಮೆ ಹಾಕಿದ್ದೆ, ಆದರ ಅಂಜಿ ತಗದೆ. ನಗಬ್ಯಾಡೋ, ನನಗಽ ನಗಿ ತಡಿಯಾಕ ಆಗವಲ್ದು. ಐವತ್ತು ದಾಟಿದಾಕಿ ಅದೇನಿ, ಹದಿನಾರರ ಹುಡಿಗ್ಯಾರ ಗತೆ ಕುಣ್ಯಾಕತ್ತೇನಿ…

ಬೈಬ್ಯಾಡ, ಬೈಬ್ಯಾಡ. ಗಾಡಿ ನಿಲ್ಲಿಸೇ ಮಾತಾಡಾಕತ್ತೇನಿ. ಹೊಳೀ ಪೂಲಿನ ಈಚೀಕಡೆ, ಬೇವಿನ ಗಿಡದ ನೆರಳಿಗೆ…

ಎಲ್ಲಿಗೆ ಅಂದ್ರ? ಮಿರಜಿಗೋ! ನಮ್ಮ ಮೃಣಾಲ ಹಡದಾಳಲ್ಲಾ! ಹೆಣ್ಣು! ಹಿಂಗ ಇಷ್ಟಽ ಮಾರಿ, ಮೂಗು ಮಾತ್ರ ನಂದು. ಇವತ್ತ ಆಸ್ಪತ್ರಿಯಿಂದ ಬಿಡತಾರ. ಮಗಳನ್ನ, ಮೊಮ್ಮಗಳನ್ನ ನಾನಽ ಗಾಡಿ ಹೊಡಕೊಂಡು ಹೋಗಿ ಮನಿಗೆ ತರಬೇಕು ಅಂತ ಹಟಾ ಹಿಡದೇನಿ. ಅದಕ್ಕಽ ಕಲತದ್ದು ನಾ. ಆಕಿ ಬಸರಾದ ಸುದ್ದಿ ಬಂದ ಮರುದಿನಾನ ಹೋಗಿ ಕ್ಲಾಸಿಗೆ ಹೆಸರ ಹಚ್ಚಿದೆ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರು ಅಂತಾರಲ್ಲಾ, ನಾ ಲೈಸೆನ್ಸ್ ತಗಸಿದೆ!…

ಎಲ್ಲೀ ಒಪ್ಪೂದೋ! ಇವರು ಕಾರ್ ಮುಟ್ಟಾವರಲ್ಲ, ಮೋಟರಸೈಕಲ್ ಒಂದಽ ಗೊತ್ತು. ಎಲ್ಲಿಗರ ಹೋಗೂದಿದ್ರ ಡ್ರೈವರನ್ನ ಕರಸಾವರು. ಹಸಗೂಸಿನ ಜೋಡಿ ಆಟ ಬ್ಯಾಡ, ಭಾಡಿಗಿ ಗಾಡಿ ಹೇಳತೇನಿ ಅಂದ್ರು. ನಾ ಎರಡು ದಿನ ಮಾತ ಬಿಟ್ಟೆ. ಕಡೀಕ ಒಂದು ಕರಾರ ಆತು. ನಾ ಮಿರಜಿ ತನಕ ಗಾಡಿ ಸರಳ ಒಯ್ದರ ಕೂಸು ನನ್ನ ಗಾಡ್ಯಾಗ ಬರೂದು. ದಾರ್ಯಾಗ ಏನರ ಒಂದು ಆತಂದ್ರ ಭಾಡಿಗಿ ಗಾಡಿ. ಮತ್ತ ಇನ್ನ ಮ್ಯಾಲ ನಾ ಗಾಡೀ ಕಿಲ್ಲಿ ಮುಟ್ಟಂಗಿಲ್ಲ…

ಆಗೇತಿ ಅಂತಾನ ಫೋನ್ ಹಚ್ಚಿದ್ನಲ್ಲಾ! ಗಾಡಿ ಸಪ್ಪಳ ಮಾಡಾಕತ್ತೈತಿ ಪರಸಪ್ಪಾ. ಒಂದಲ್ಲ, ಎರಡು ನಮೂನಿ…

ಹ್ಯಾಂಗ ಅಂದ್ರ… ಟಕ್ ಟಕ್ ಟಕ್ ಟಕ್. ಇದು ಒಂದು. ಬ್ರೇಕ್ ಒತ್ತಿದ್ರ ಇನ್ನೊಂದು, ಘುರ್ರ್ರ್ ಅಂತೈತಿ. ಇನ್ನೊಮ್ಮೆ ಮಾಡಲ್ಯಾ? ಘುರ್ರ್ರ್ರ್… ಎಮ್ಮಿ ಹೊಳ್ಳಿ ನೋಡಾಕತ್ತೈತಿ ನನ್ನ…

ಒಂದೊಂದಽ ಕೇಳತೀ? ಬರೋಬರಿ. ಟಕ್ ಟಕ್ ಅನ್ನೂದು ಬ್ರೇಕ್ ಒತ್ತಲಿ, ಬಿಡಲಿ, ಅಂತಽ ಇರತೈತಿ. ಗಾಡಿ ಜೋರ್ ಹೋದ್ರ ಅದೂ ಜೋರ್, ಸಾವಕಾಶ ಹೋದ್ರ ಸಾವಕಾಶ. ಗಾಲಿ ಜೋಡಿ ತಾಳ ಹಾಕತೈತಿ… ಟಾಯರ್ ನೋಡಬೇಕಾ? ಕುಂತು? ಹೊಸಾ ಇಳಕಲ್ ಸೀರಿ ಉಟಗೊಂಡೇನೋ ತಮ್ಮಾ… ಆತು, ಕುಂತೆ…

ತಡಿ, ಯಾರೋ ಗಾಡಿ ನಿಲ್ಲಸಾಕತ್ತಾರ… ಕಾಹೀ ನಾಹೀ ದಾದಾ, ತುಮ್ಹೀ ಚಲಾ, ಮೀ ಬಘತೆ… ಏನಿಲ್ಲ, ನಾನಽ ನೋಡಕೋತೇನಿ ಅಂದೆ, ಹೋದ. ಹೆಣ್ಣಮಗಳು ಟಾಯರ್ ಮುಂದ ಕುಂತದ್ದು ಕಂಡ್ರ ಸಾಕು, ಊರಾಗಿನ ಗಂಡಸರೆಲ್ಲಾ ಮಿಸ್ತ್ರಿ ಆಗತಾರ…

ಹಾಂ, ನೋಡಾಕತ್ತೇನಿ. ಮುಂದಿನದರಾಗ ಏನಿಲ್ಲ. ಹಿಂದಿನದು… ಸಿಕ್ಕಿತೋ! ಖಡಿಕಲ್ಲು! ಟಾಯರಿನ ಗೆರ್ಯಾಗ ಹಲ್ಲಿನ ಸಂದ್ಯಾಗ ಅಡಕಿ ಸಿಕ್ಕೊಂಡಂಗ ಕುಂತೈತಿ. ತಲ್ಯಾಗಿನ ಪಿನ್ನಲೆ ಎಬ್ಬಸತೇನಿ, ತಡಿ… ಬಂತು! ಪರಸಪ್ಪಾ, ನೀ ನೂರು ವರ್ಷ ಬಾಳೋ! ಕೂಸಿನ ಹೆಸರಿಡೂ ದಿನ ಹೆಂಡ್ತಿ ಮಕ್ಕಳನ್ನ ಕರಕೊಂಡು ಊಟಕ್ಕ ಬರಬೇಕು ನೀ. ಇಡಲ್ಯಾ? ಹೊತ್ತಾತು…

ಯಾಕ? ಇನ್ನೊಂದು ಸಪ್ಪಳನಾ? ಅದೂ ಇಂಥಾದಽ ಒಂದು ಕಲ್ಲಿರತೈತಿ ಬಿಡೋ… ಅಲ್ಲಾ? ಅದು ಬ್ರೇಕಿಂದಾ?…

ಕೇಳಸಾಕ ಬರತೈತಲ್ಲ. ಇಲ್ಲೆ ಬಾಜೂಕ ಕಬ್ಬಿನ ಹೊಲಕ್ಕ ಹೋಗೂ ದಾರಿ ಐತಿ, ನರಪಿಳ್ಳಿ ಇಲ್ಲ. ಫೋನು ಸ್ಪೀಕರಿಗೆ ಹಾಕಿ ಸೀಟಿನ ಮ್ಯಾಲ ಇಡತೇನಿ, ನೀನಽ ಕೇಳು. ಹತ್ತಿದೆ… ಪಟ್ಟಾ ಹಾಕಿದೆ… ಹೊಂಟೆ… ಫಸ್ಟ್ ಗೇರ್… ನಡ್ಕೋತ ಹೋಗೂ ಮುದುಕಿ ಇದ್ದಿದ್ರ ನನಗಿಂತ ಮುಂದ ಹೋಗತಿದ್ಳು, ಅಷ್ಟ ಸಾವಕಾಶ… ಈಗ ಒತ್ತತೇನಿ ನೋಡು… ಕೇಳಿತೇನು? ಘುರ್ರ್ ಅಂತು, ಅಲ್ವಾ?…

ಎಳೀತು, ಹೌದು! ಬಲಕ್ಕ ಎಳೀತು! ನಿನಗ ಹ್ಯಾಂಗ ಗೊತ್ತಾತು? ನಾ ಸ್ಟೇರಿಂಗ್ ಸರಳ ಹಿಡದಿದ್ದೆ, ತಾನಽ ಬಲಕ್ಕ ಹೊಳ್ಳಿತು. ನಿಲ್ಲೂದೂ ಒಂದೀಟು ತಡಾ ಆತು…

ಊರಾಗಿಂದ ಹಿಂಗಽ ಐತಿ. ನನ್ನ ಕೈಯಽ ಹಂಗ ಅಂತ ಸುಮ್ಮನಿದ್ದೆ. ಕುಣೀಲಾರದಾಕಿ ಅಂಗಳ ಡೊಂಕು ಅಂದಳಂತ… ಇವರ ಬಾಯಾಗ ಅದೊಂದಽ ಗಾದಿ ಮಾತು. ಅದಕ್ಕ ಗಾಡೀ ಮ್ಯಾಲ ತಪ್ಪ ಹೊರಸಾಕ ನಾಚಿಕಿ ಆತು…

ಏನಂದಿ?… ಪೂಲ ಹತ್ತಬ್ಯಾಡ ಅಂತೀಯಾ? ಯಾಕ ಅಷ್ಟು ಒದರತೀಯೋ… ಆತು, ಹತ್ತೂದಿಲ್ಲ. ಹ್ಯಾಂಡ್ ಬ್ರೇಕ್ ಎಳದೆ. ಕಿಲ್ಲಿ ತಗದೆ. ಇಳದೆ. ಮುಂದ ಏನ ಮಾಡಲಿ, ಹೇಳು…

ವಾಸನೀ? ಬರತೈತಿ. ಆದರ ಗಾಡೀದಲ್ಲ. ಇಲ್ಲೆ ಯಾರೋ ಮೆಣಸಿನಕಾಯಿ ಭಜಿ ಕರ್ಯಾಕತ್ತಾರ. ಬಂದಾಗಿಂದ ಬಾಯಾಗ ನೀರ ಬರಾಕತ್ತಾವ ನನಗ. ತಗೊಂಡ ಹೋಗೂಣಂದ್ರ ಬಾಣಂತಿ ತಿನ್ನಂಗಿಲ್ಲ, ಬಿಟ್ಟ ಹೋಗೂಣಂದ್ರ…

ಅಂಗಡಿ? ಅಂಗಡಿ ಇಲ್ಲೆ… ಎಲ್ಲೈತಿ ಅಂಗಡಿ?… ಅಯ್ಯ, ಇಲ್ಲಲ್ಲೋ! ಕಬ್ಬು ಬಿಟ್ರ ಏನೂ ಇಲ್ಲ ಇಲ್ಲೆ…

ಎಡಗಡೆ ಮುಂದಿನ ಗಾಲಿಗೆ ಮೂಗ ಒಯ್ಯಲ್ಯಾ? ನೀ ಏನೇನ ಮಾಡಸತೀಯೋ ನನ್ನ ಕಡಿಂದ… ಅಗ ಬಾಯಿ! ಪರಸಪ್ಪಾ! ಭಜಿ ಇಲ್ಲೇ ಅದಾವೋ! ಗಾಲ್ಯಾಗಽ ಕರ್ಯಾಕತ್ತಾವು! ಹ್ಹಹ್ಹಹ್ಹ… ತಡಿ, ನಗಿ ನಿಲ್ಲವಲ್ದು… ಹೊಗೀನೂ ಐತಿ, ಎಳೆ ಎಳೆ ಬರಾಕತ್ತೈತಿ…

ಮುಟ್ಟಂಗಿಲ್ಲ, ಸುಡತೈತಿ, ಆತು. ಕಾಗದಲೆ ಗಾಲೀ ಅಂಚ ಒರಸತೇನಿ… ಎಣ್ಣಿ. ಜಿಡ್ಡ ಅಂದ್ರ ಜಿಡ್ಡ…

ಬ್ರೇಕಿನ ಎಣ್ಣಿ ಸೋರೇತೇನು ಅಂತ ಕೇಳತೀಯಾ? ಬ್ರೇಕಿನ ಎಣ್ಣಿಗೆ ಭಜಿ ವಾಸನಿ ಇರತೈತೇನೋ? ಇದು ಶೇಂಗಾ ಎಣ್ಣಿ. ಗಾಣದ್ದು. ನನ್ನ ಅಡಗಿಮನಿ ಎಣ್ಣಿ ನನಗ ಗೊತ್ತಾಗೂದಿಲ್ಲಾ?…

ನಾ ಯಾಕ ಹಾಕಲೋ! ತಲಿ ಕೆಟ್ಟೈತೇನು ನಂದು?… ತಡಿ. ತಡಿ ತಡಿ ತಡಿ. ನಿನ್ನೆ ಕೂಸು ಬರತೈತಿ ಅಂತ ಗಾಡಿ ತೊಳದಿದ್ದೆ. ಇವತ್ತ ಮುಂಜಾನೆ ಅಂಗಳದಾಗ ಹಿಂದ ತಗದು ಬ್ರೇಕ್ ಒತ್ತಿದ್ರ ಕೀಂಯ್ ಅಂತು…

ಅದು ಸಹಜಽ? ನೀರ ತಾಗಿದ್ರ ರಾತ್ರ್ಯಾಗ ಒಂದೀಟು ಜಂಗ ಹಿಡೀತೈತಿ, ನಾಕ ಸಲ ಒತ್ತಿದ್ರ ತಾನಽ ಹೋಗತೈತಿ? ಇಷ್ಟಽ ಏನು? ಅಯ್ಯ, ಇದನ್ನ ನಮ್ಮ ಮನ್ಯಾಗ ಒಬ್ಬರಿಗೆ ಹೇಳಬೇಕಿತ್ತೋ ನೀನು!…

ಯಾರಿಗೆ ಅಂದ್ರ ಇವರಿಗೆ! ಕಟ್ಟೀ ಮ್ಯಾಲ ಚಾ ಕುಡಕೋತ ಕುಂತಿದ್ರು, ಕೀಂಯ್ ಅಂದದ್ದು ಕೇಳಿ ಹುಬ್ಬ ಏರಿಸಿದ್ರು. ನಾ ಸೀರಿ ಉಟಗೊಳ್ಳಾಕ ಒಳಗ ಹೋದೆ. ಹೊರಗ ಬರೂದ್ರಾಗ ಇವರ ಕೈಯಾಗ ಎಣ್ಣಿ ಡಬ್ಬಿ! ಏನ್ರಿ ಇದು ಅಂದ್ರ ತಲಿಗೆ ಹಚ್ಚಕೊಂಡೆ ಅಂದ್ರು. ಇವರ ತಲ್ಯಾಗ ಕೂದಲ ಎಲ್ಲಿ ಅದಾವೋ!…

ಹಾಂ, ಹೌದಪಾ, ಚಕ್ಕಡಿ ಹೊಡದು ಬೆಳದ ಮನಶ್ಯಾ. ಗಾಲಿ ಕಿರ್ ಅಂದ್ರ ಕೀಲೆಣ್ಣಿ ಹಾಕಬೇಕು, ಅದೊಂದಽ ಶಾಸ್ತ್ರ ಇವರಿಗೆ. ಕಟ್ಟೀ ಕಡೆ ಇದ್ದದ್ದೂ ಈ ಎಡಗಡೆ ಗಾಲೀನಽ… ಆದರ ಪರಸಪ್ಪಾ, ಒಂದ ಕೇಳಲ್ಯಾ? ಬೇಕಂತಽ ಹಾಕ್ಯಾರೇನು ಇವರು? ನಾ ಸೋಲಲಿ ಅಂತ? ಕಿಲ್ಲಿ ಕಸಗೊಳ್ಳಾಕ?…

ನಿನಗ ಹ್ಯಾಂಗ ಗೊತ್ತು ಅಲ್ಲ ಅಂತ? ಮೂವತ್ತು ವರ್ಷ ಬಾಳೇ ಮಾಡೇನಿ ಅವರ ಜೋಡಿ, ನನಗಽ ಗೊತ್ತಿಲ್ಲ. ಹಂಗರ ಮಾಡಿದ್ರ ನಾ ಸುಮ್ಮನ ಬಿಡಾಕಿ ಅಲ್ಲ. ಇವತ್ತಿಂದ ಇವರಿಗೆ ಒಣಾ ಭಕ್ರಿ, ಎಣ್ಣಿ ಬಂದ್…

ಅಯ್ಯ… ತಡಿ. ಆ ಗಿಡದ ಹಿಂದ ಒಂದು ಮೋಟರಸೈಕಲ್ ನಿಂತೈತಿ. ಬಿಳೀ ಟೊಪಗಿ. ಹೊಟ್ಟಿ ಗಿಡಕ್ಕಿಂತ ಹೊರಗ ಬಂದೈತಿ… ಇವರೋ! ಊರಾಗಿಂದ ಬೆನ್ನ ಹತ್ತಿ ಬಂದಾರ!…

ಕನ್ನಡ್ಯಾಗ ಹ್ಯಾಂಗ ನೋಡಲೋ, ಮುಂದ ನೋಡಾಕಽ ಎರಡು ಕಣ್ಣ ಸಾಲವಲ್ದು ನನಗ! ನೀ ಇಡಬ್ಯಾಡ, ಹಂಗಽ ಇರು… ಬರ್ರಿ ಇಲ್ಲೆ! ಅಡಗಬ್ಯಾಡ್ರಿ, ಕಂಡ್ರಿ! ಬರ್ರಿ, ನಿಮ್ಮ ಗಾಲ್ಯಾಗ ಭಜಿ ಆಗ್ಯಾವ, ತಿನ್ನಾಕ ಬರ್ರಿ!…

ಎಣ್ಣಿ ಹಾಕಿದ್ರಿ, ಹೌದಲ್ರಿ? ನನ್ನ ನೋಡಿ ಹೇಳ್ರಿ. ಯಾಕ ಹಾಕಿದ್ರಿ?… ಏನು? ಜೋರ್ ಹೇಳ್ರಿ, ಪರಸಪ್ಪನೂ ಕೇಳಾಕತ್ತಾನ… ಯಾರಿಗೆ ಎಚ್ಚರ ಆಗತೈತಿ ಅಂತ?…

ಪರಸಪ್ಪಾ… ಇದ್ದೀಯೇನು?… ಕೂಸು ಮಲಗಿರತೈತಿ ಅಂತೋ. ಹೊಳ್ಳಿ ಬರೂಮುಂದ ಬ್ರೇಕ್ ಕೀಂಯ್ ಅಂದ್ರ ಕೂಸು ಬೆದರಿ ಏಳತೈತಿ ಅಂತ ಹಾಕ್ಯಾರಂತ…

ನಾ ಎಲ್ಲಿ ಅಳಾಕತ್ತೇನೋ… ಹೂಂ, ಅಳಾಕತ್ತೇನಿ, ಏನೀಗ? ನೀ ವಿಚಾರ ಮಾಡು. ಮುಂಜಾನೆ ಚಾ ಕುಡಿಯೂ ಹೊತ್ತಿನ್ಯಾಗಽ ಇವರು ಕೂಸನ್ನ ನನ್ನ ಗಾಡ್ಯಾಗ ಮಲಗಿಸಿಬಿಟ್ಟಾರ! ಬಾಯೀಲೆ ಭಾಡಿಗಿ ಗಾಡಿ ಅಂತಾರ, ಮನಸಿನ್ಯಾಗ ನಾನಽ ತರತೇನಿ ಅಂತ ಖಾತ್ರಿ ಇತ್ತಲ್ಲೋ ಇವರಿಗೆ! ನನಗಽ ಇರಲಿಲ್ಲ ಅಷ್ಟು…

ಬೈತೀಯಾ? ಬೈ, ಬೈ. ಸ್ಪೀಕರಿಗೆ ಹಾಕೇನಿ… ಕೇಳ್ರಿ, ಗಾಲೀ ಕೀಲಕ್ಕ ಎಣ್ಣಿ ಬೇಕಂತ, ಬ್ರೇಕಿಗೆ ಎಣ್ಣಿ ವೈರಿ ಅಂತ. ಎಡಗಡೆ ಜಾರತೈತಿ, ಬಲಗಡೆ ಹಿಡೀತೈತಿ, ಅದಕ್ಕ ಗಾಡಿ ಎದುರಿನ ಗಾಡೀ ಮ್ಯಾಲ ಹೋಗತೈತಿ ಅಂತ. ಪೂಲಿನ ಮ್ಯಾಲ ಎದುರಿಗೆ ಬಸ್ ಬಂದಿದ್ರ… ಸಾಕೋ ಪರಸಪ್ಪಾ, ಸಾಕ ಬಿಡು. ಮಾರಿ ಬೆಳ್ಳಗ ಆಗೈತಿ ಇವರದು. ಅಲ್ಲೇ ಕಲ್ಲಿನ ಮ್ಯಾಲ ಕುಂತ್ರು. ಕೈ ನಡಗಾಕತ್ತಾವೋ…

ಏನೂ ಆಗಿಲ್ರಿ. ನೋಡ್ರಿ, ಇಲ್ಲೆ ನಿಂತೇನಲ್ಲ ನಿಮ್ಮ ಮುಂದ. ನೀರ ಕುಡೀರಿ…

ಹಾಂ, ಹೇಳು. ಬ್ರೇಕ್ ಪ್ಯಾಡ್ ಎಣ್ಣಿ ಕುಡದಾವು, ಒರಸಿದ್ರ ಹೋಗೂದಿಲ್ಲ. ಎರಡೂ ಕಡೆ ಬ್ಯಾರೆ ಹಾಕಬೇಕು. ನೀನಽ ತರತೀಯಾ? ಇಲ್ಲಿಗಽ? ದೇವರ ಹಂಗ ಆದಿ ನೋಡು… ನೀ ಬಂದು ಹೊಡದು ನೋಡಿ ಹೂಂ ಅನ್ನೂ ತನಕ ನಾ ಕಿಲ್ಲಿ ಹಾಕೂದಿಲ್ಲ, ಆಣಿ. ಆಸ್ಪತ್ರ್ಯಾಗ ಮಧ್ಯಾಹ್ನದ ಮ್ಯಾಲ ಬಿಡತಾರ, ಹೊತ್ತೈತಿ ಇನ್ನಾ…

ಏ ಪರಸಪ್ಪಾ… ಒಂದ ಗಳಿಗಿ ಸುಮ್ಮನಿರು. ಇವರು ಫೋನ್ ತಗದ್ರು. ಯಾರಿಗೋ ಹಚ್ಚಾಕತ್ತಾರ…

ಭಾಡಿಗಿ ಗಾಡಿಯಾವಗೋ. ಹೆಸರ ಹಿಡದು ಕರದ್ರು… ಆತು. ಆತು ಬಿಡು. ದಾರ್ಯಾಗ ಏನರ ಆದ್ರ ಅಂತ ಕರಾರಽ ಇತ್ತು, ಆಗೇತಿ. ಯಾರದರ ತಪ್ಪಿರಲಿ, ಮಾತಂದ್ರ ಮಾತು. ನಾ ಅವನ ಗಾಡ್ಯಾಗ ಹಿಂದ ಕುಂತು ಹೋಗತೇನಿ, ಏನಾತೀಗ. ಕೂಸ ಬಂದ್ರ ಸಾಕು…

ತಡಿಯೋ, ಕೇಳಾಕತ್ತೇನಿ. ಮರಾಠ್ಯಾಗ ಮಾತಾಡಾಕತ್ತಾರ… ‘ನಕೋ’ ಅಂದ್ರು. ಪರಸಪ್ಪಾ, ‘ಗಾಡಿ ನಕೋ’ ಅಂದ್ರು! ಬ್ಯಾಡ ಅಂದ್ರೋ ಅವಗ! ‘ಆಮಚೀ ಗಾಡೀ ಆಹೇ… ಡ್ರೈವರ್ ಪಣ ಆಹೇ.’ ನಮ್ಮ ಗಾಡಿ ಐತಿ, ಡ್ರೈವರೂ ಅದಾಳ ಅಂತೋ! ಡ್ರೈವರ್! ನಾನೋ!…

ಕುಣೀದಽ ಏನ ಮಾಡಲೋ! ನೀ ಲಗೂ ಬಾ, ಗಾಡಿಗೆ ರೆಕ್ಕಿ ಹಚ್ಚಕೊಂಡ ಬಾ…

ಏನ್ರಿ? ನೀವೆಲ್ಲಿ ಕುಂದ್ರೂದು? ಹಿಂದ ಕುಂದ್ರಿ, ಮೃಣಾಲನ ಬಾಜೂಕ. ಕೂಸಿನ ಕುತ್ತಿಗಿ ಇನ್ನಾ ನಿಂತಿಲ್ಲ, ಒಬ್ಬರು ಅಂಗೈಯಾಗ ಹಿಡೀಬೇಕು. ನೀವಽ ಹಿಡೀರಿ. ನಡಗೂ ಕೈ ಅಷ್ಟೊತ್ತಿಗೆ ನಿಂದ್ರತಾವು… ಹಲೋ, ಪರಸಪ್ಪಾ, ಬೇವಿನ ಗಿಡಾ ನೆಪ್ಪಿಟ್ಟಕೋ, ಪೂಲ ಇಳದ ಕೂಡಲೇ ಎಡಕ್ಕ… ಹಲೋ? ಹಲೋ?… ಹೋತು. ಚಾರ್ಜ್ ಮುಗೀತೇನೋ…

ಬ್ಯಾಡ, ನಿಮ್ಮ ಫೋನ್ ಆಮ್ಯಾಲ ಕೊಡ್ರಿ. ಮೊದಲ ಆ ಭಾಡಿಗಿ ಗಾಡಿಯಾವಗ ಏನಂದ್ರಿ, ಅದನ್ನ ಇನ್ನೊಮ್ಮೆ ಅನ್ರಿ. ನನ್ನ ಮಾರಿ ನೋಡಿ ಅನ್ರಿ…