ಡೋನಲ್ ಹೊಲದ ಮೂರನೇ ಲಾರಿ

ಐಶು, ಇದು ಕಟ್ಟುಕತೆ ಅಲ್ಲ. ನನ್ನ ಚಿಕ್ಕಮ್ಮನ ಮಗ ಗುರುಪ್ರಸಾದನಿಗೇ ಆಗಿದ್ದು. ಬೇಕಿದ್ರೆ ಅವನನ್ನೇ ಕೇಳು... ಆದ್ರೆ ಹಗಲು ಹೊತ್ತಲ್ಲಿ ಕೇಳು. ಕತ್ತಲಾದ್ಮೇಲೆ ಬಾಯಿ ಬಿಡಲ್ಲ.

ಕೊರೊನಾ ಜೋರಾಗಿದ್ದ ಜನವರಿ. ಇನ್ನೂ ಸಂಜೆ, ಆದ್ರೆ ಇಲ್ಲಿನ ಚಳಿಗಾಲ ಗೊತ್ತಲ್ಲ, ಆಗಲೇ ಗವ್ವನೆ ಕತ್ತಲು. ಗುರು ಅಂಗಡಿಯಿಂದ ಹಾಲು, ಬ್ರೆಡ್ಡು ಹಿಡ್ಕೊಂಡು ಒಬ್ನೇ ನಡ್ಕೊಂಡು ಬರ್ತಿದ್ದ. ದಾರೀಲಿ ಒಂದು ಹಳೇ ಬಾವಿ. ಅದರ ಆಚೆ ಡೋನಲ್ ಅವರ ಜೌಗು ಹೊಲ.

ಡೋನಲ್ ಅಂದ್ರೆ ಅವನು ಉಳ್ಕೊಂಡಿದ್ದ ಮನೆಯ ಯಜಮಾನ, ರೈತ. ಮೇನೂತ್‌ನ ಯೂನಿವರ್ಸಿಟೀಲಿ ಕ್ಲಾಸೆಲ್ಲ ಆನ್‌ಲೈನ್ ಆಗಿ, ಪಾರ್ಟ್‌ಟೈಮ್ ಕೆಲಸದ ಹೋಟೆಲ್ಲೂ ಮುಚ್ಚಿದಾಗ, ಹೊಲದ ಕೆಲಸಕ್ಕೆ ಕೈ ಜೋಡಿಸು, ರೂಮ್ ಕೊಡ್ತೀನಿ ಅಂದಿದ್ರು. ಆಗ ಇದ್ದಿದ್ದೇ ಲಾರಿ ಎಳೆಯೋ ಕೆಲಸ. ಅವರಪ್ಪನ ಕಾಲದಲ್ಲಿ ಮಿಲಿಟರಿಯವರು ಕೆಟ್ಟುನಿಂತ ಮೂರು ಲಾರೀನ ಆ ಹೊಲದಲ್ಲೇ ಬಿಟ್ಟು ಹೋಗಿದ್ರಂತೆ. ತಗೊಂಡು ಹೋಗೋಕೆ ಮತ್ತೆ ಯಾರೂ ಬರಲಿಲ್ಲ.

ಡೋನಲ್ ಅವರ ಅಣ್ಣ ಕೊಲಮ್‌ಗೆ ಕೋವಿಡ್ ಆಗಿ ಆಸ್ಪತ್ರೇಲಿದ್ರು. ಹೋಗಿ ನೋಡೋ ಹಾಗಿರ್ಲಿಲ್ಲ. ಮನೇಲಿ ಸುಮ್ನೆ ಕೂರೋಕಾಗದೆ ಡೋನಲ್ ಬೆಳಗಾದ್ರೆ ಟ್ರ್ಯಾಕ್ಟರ್, ಸರಪಳಿ, ಕೆಸರು ಅಂತ ಬಿದ್ದಿರೋರು. ಎರಡು ಲಾರಿ ಗುಜರಿಗೆ ಹೋದ್ವು. ಮೂರನೇದು ಚಕ್ರ ಮುಳುಗೋ ಹಾಗೆ ಹೂತಿತ್ತು. ಬಾಗಿಲಿಗೆ ತುಕ್ಕುಹಿಡಿದ ತಂತಿ ಸುತ್ತಿತ್ತು.

ಗುರು ಬಾವಿ ದಾಟಿದ್ದಾನೆ... ಟಕ್. ಟಕ್. ಟಕ್.

ತಗಡಿನ ಮೇಲೆ ಬೆರಳ ಗಿಣ್ಣಿಂದ ಬಡಿದ ಹಾಗೆ. ನಿಂತ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟ. ಟಕ್. ಟಕ್... ಆಮೇಲೆ ಉಸಿರು. ಸ್ಟ್ರಾದಲ್ಲಿ ತಳದ ನೀರು ಎಳೀತಾರಲ್ಲ, ಸೊರ್ರ್... ಅಂತ, ಹಾಗೆ. ಲಾರಿ ಒಳಗಿಂದ.

"ಡೋನಲ್... ಬಾಗಿಲು ತೆಗಿಯೋ."

ಪಿಸುಮಾತು ಅಷ್ಟೇ. ಗುರು ಹಾಲು ಅಲ್ಲೇ ಬಿಸಾಕಿ ಓಡಿದ.

ಡೋನಲ್ ಅಡುಗೆಮನೇಲಿ ಒಲೆ ಮುಂದೆ ಕೂತಿದ್ರು. ಇವನು ತೊದಲ್ತಾ ಹೇಳಿದ. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಕಬ್ಬಿಣದ ಹಾರೆ, ಟಾರ್ಚು ತಗೊಂಡು ಎದ್ದರು. ದಾರೀಲಿ ಒಂದೇ ಒಂದು ವಿಷಯ ಹೇಳಿದ್ರಂತೆ. ಚಿಕ್ಕಂದಿನಲ್ಲಿ ಕೊಲಮ್ ಆಟ ಆಡ್ತಾ ಆ ಲಾರಿಯೊಳಗೆ ಸಿಕ್ಕಿಹಾಕ್ಕೊಂಡಿದ್ದ. ಒಳಗಿನ ಹಿಡಿ ಮುರಿದಿತ್ತು. ಅಪ್ಪ ಬಂದು ಬಾಗಿಲು ಮೀಟೋ ಹೊತ್ತಿಗೆ ಮೈಯೆಲ್ಲ ನೀಲಿಯಾಗಿತ್ತು, ಹೇಗೋ ಜೀವ ಉಳೀತು. ಅವತ್ತೇ ಅಪ್ಪ ತಂತಿ ಸುತ್ತಿದ್ದು.

ಲಾರಿ ಹತ್ರ ಹೋದಾಗ ಸದ್ದಿಲ್ಲ. ಡೋನಲ್ ತಂತಿ ಕಡಿದು, ಬಾಗಿಲ ಸಂದಿಗೆ ಹಾರೆ ಹಾಕಿ ಮೀಟಿದ್ರು. ಕಿರ್ರ್... ಕೀಲು ಕಿತ್ತು ಬಾಗಿಲು ಕೆಸರಿಗೆ ಬಿತ್ತು, ದಬ್ ಅಂತ. ಟಾರ್ಚ್ ಬಿಟ್ಟು ನೋಡಿದ್ರೆ... ಖಾಲಿ. ಸೀಟಿನ ಕಬ್ಬಿಣ, ಪಾಚಿ, ಅಷ್ಟೇ.

ಡೋನಲ್ ಚೌಕಟ್ಟು ಹಿಡ್ಕೊಂಡ್ರು. ಒಳಗೆ ಮುಖ ಇಟ್ಟು, ಮಗೂಗೆ ಹೇಳೋ ಹಾಗೆ, "ತೆಗ್ದಿದೀನಿ ಕೊಲಮ್... ಬಾ," ಅಂದ್ರು.

ಅವರ ಪಕ್ಕದಿಂದ ತಣ್ಣಗೆ ಏನೋ ದಾಟಿ ಹೋಯ್ತು ಅಂತಾನೆ ಗುರು. ಗಾಳಿ ಅಲ್ವೇನೋ ಅಂದೆ. ಹುಲ್ಲು ಅಲ್ಲಾಡಲಿಲ್ಲ ಅಂದ.

ಮನೆಗೆ ಬರೋಷ್ಟರಲ್ಲಿ ಫೋನು ಹೊಡ್ಕೊಳ್ತಿತ್ತು. ಆಸ್ಪತ್ರೆ ನರ್ಸು. ಕೊಲಮ್ ಆಗಷ್ಟೇ ಹೋಗಿದ್ರು. ಆಕೆ ಪಾಪ ಅಳ್ತಾ ಇದ್ರಂತೆ. "ಸಂಜೆಯಿಂದ ಬಾಗಿಲು ತೆಗಿ, ಬಾಗಿಲು ತೆಗಿ ಅಂತಿದ್ರು. ವಾರ್ಡಿನ ಬಾಗಿಲು ತೆಗೆದೇ ಇತ್ತು," ಅಂದ್ರಂತೆ.

ಡೋನಲ್ ಫೋನಿಟ್ಟು ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದ್ರು.

ಮಣ್ಣು ಮಾಡಿದ ಮಾರನೇ ದಿನ ಗುಜರಿಯವರು ಕ್ರೇನ್ ತಂದು ಆ ಲಾರೀನೂ ಎತ್ತಿದ್ರು. ಹಗಲು, ಬಿಸಿಲು ಬೇರೆ. ಬಾಗಿಲಿಲ್ಲದ ಕ್ಯಾಬಿನ್ನು, ಗಾಳಿ ಸುಯ್ಯಂತ ಒಳಗೇ ಬೀಸ್ತಿತ್ತು. ಆದ್ರೂ ಮುಂದಿನ ಗಾಜಿನ ತುಂಬ ಉಸಿರಿನ ಮಂಜು ಕಟ್ಟಿತ್ತು. ಕ್ರೇನಿನವನೂ ನೋಡಿದಾನೆ, ಗುರುನೂ ನೋಡಿದಾನೆ. ಸುಳ್ಳು ಹೇಳೋ ಹುಡುಗ ಅಲ್ಲ ಅವನು. ನಡುವೆ ಅಂಗೈಯಷ್ಟಗಲ ಯಾರೋ ಒರೆಸಿದ್ರಂತೆ... ಒಳಗಡೆಯಿಂದ.