ದೋಣಿ ತಿರುಗಿಸಿದವನ ಮೇಲೆ ದೂರು

ಹೆಸರು ಕೊಲಿನಿಯೊ ವಕಾತೊರಾ, ವಯಸ್ಸು ನಲವತ್ತೊಂಬತ್ತು, ಕಸುಬು ಯಾಂಗೋನ ಬೇರಿನ ಬೇಸಾಯ, ಊರು ಫಿಜಿಯ ನಾಸೋಲೊ, ಹಾಲಿ ವಾಸ ಆಸ್ಪತ್ರೆಯ ಬೀಗ ಹಾಕಿದ ಕೋಣೆ. ಈಜಿಕೊಂಡೇ ಸುವಾ ನಗರಕ್ಕೆ ಹೋಗಿ, ದಾರಿಯಲ್ಲಿ ಶಾರ್ಕ್ ಮೀನಿನ ಕಪಾಳಕ್ಕೆ ಬಾರಿಸಿ ಬಂದವನು ನಾನೇ. ಈ ಮೂಲಕ ತಿಳಿಸುವುದೇನೆಂದರೆ, ದೋಣಿಯ ವೈಸಾಕೆ ನನಗೆ ಎರಡು ಸಾವಿರ ಡಾಲರ್ ಮೋಸ ಮಾಡಿರುತ್ತಾನೆ.

ಸೋಮವಾರ ಬೆಳಿಗ್ಗೆ ನನ್ನ ತಂಗಿ ವಸೀತಿಯ ಮಗಳು ಲೊಸೆನಾ, ವಯಸ್ಸು ಒಂಬತ್ತು, ಜ್ವರ ಬಂದು ಮಲಗಿದ್ದಳು. ಕತ್ತು ಊದಿತ್ತು. ಗಂಟಲೊಳಗೆ ಬೂದಿ ಬಣ್ಣದ ಪೊರೆ ಕಟ್ಟಿತ್ತು. ತೆಂಗಿನ ಚಿಪ್ಪಿನಲ್ಲಿ ನೀರು ಕುಡಿಸಲು ಹೋದರೆ, “ಮಾವಾ, ಒಳಗೆ ಇಳೀತಿಲ್ಲ” ಅಂದಳು. ಪಕ್ಕದೂರಿನಲ್ಲಿ ಗಂಟಲಮಾರಿಗೆ ಇಬ್ಬರು ಮಕ್ಕಳು ಸತ್ತಿದ್ದರು.

ಹತ್ತು ಗಂಟೆಗೆ ನರ್ಸ್ ಮೆರೆಸೇನಿ ಮತ್ತು ಕಾನ್‌ಸ್ಟೆಬಲ್ ಪೆನಿಯಾಸಿ ಗುಡ್ಡ ಇಳಿಯುವುದು ಕಂಡಿತು. ನನ್ನ ಸೋದರಮಾವನ ಮೈಮೇಲೆ ಮಚ್ಚೆ ಎದ್ದಾಗ ಹೀಗೇ ಇಬ್ಬರು ಬಂದು ಕುಷ್ಠರೋಗಿಗಳ ದ್ವೀಪಕ್ಕೆ ಒಯ್ದಿದ್ದರು. ಅವನ ಚಾಪೆಯೂ ತಿರುಗಿ ಬರಲಿಲ್ಲ. ಆದ್ದರಿಂದ ತಾಯಿ ಮಗಳನ್ನು ಹಿತ್ತಲಿನಿಂದ ದೋಣಿ ಹತ್ತಿಸಿ, ಹವಳದ ದಿಬ್ಬದಾಚೆಯ ನಡುಗಡ್ಡೆಯಲ್ಲಿ ಬಚ್ಚಿಡು ಎಂದು ವೈಸಾಕೆಗೆ ಹಣ ಕೊಟ್ಟೆ.

ಸೋಂಕಿನ ಅನುಮಾನ ಇದ್ದವರನ್ನು, ಅವರು ಒಪ್ಪಲಿ ಬಿಡಲಿ, ಒಯ್ದು ಇರಿಸುವ ಅಧಿಕಾರ ತಮಗಿದೆ ಎಂದು ಕಾನ್‌ಸ್ಟೆಬಲ್ ಕಾಗದ ತೆಗೆದು ಓದಿದರು. ಮಗು ಊರಲ್ಲಿಲ್ಲ ಎಂದೆ. ಊರಿಗೆ ಬರುವವರ ಪದ್ಧತಿಯಂತೆ ಅವರೇ ಯಾಂಗೋನ ಬೇರಿನ ಕಟ್ಟು ತಂದಿದ್ದರು. ಅದನ್ನು ಕುಟ್ಟಿ ದೊಡ್ಡ ಬೋಗುಣಿಯಲ್ಲಿ, ಬೇಕೆಂದೇ ನೀರು ಹೆಚ್ಚು ಸುರಿದು ಕಲಸಿದೆ. ಎಲ್ಲರೂ ಒಂದೇ ಚಿಪ್ಪಿನಲ್ಲಿ ಸರದಿಯಂತೆ ಕುಡಿದು ಬೋಗುಣಿ ಬರಿದಾಗುವ ತನಕ ಯಾರೂ ಏಳುವ ಹಾಗಿಲ್ಲ.

“ಅಣ್ಣಾ, ಇದು ಬೋಗುಣಿನೋ ಬಾವಿನೋ?” ಎಂದ ನರ್ಸ್ ಚಿಪ್ಪು ಮುಟ್ಟಲಿಲ್ಲ. “ನೀವೂ ಕುಡೀಬೇಡಿ ಪೆನಿಯಾಸಿ” ಅಂದಳು.

“ಊರವರ ಮುಂದೆ ಬೇಡ ಅನ್ನಕ್ಕಾಗುತ್ತೇನಮ್ಮ?” ಎಂದು ಅವರು ಐದು ಚಿಪ್ಪು ಕುಡಿದರು. (ನಾಲ್ಕು ಎಂದು ಬರೆಯುತ್ತೇನೆ ಅನ್ನುತ್ತಿದ್ದಾರೆ. ಐದು.)

ಆರನೆಯ ಸುತ್ತಿಗೆ ಚಿಪ್ಪು ನನ್ನ ಕೈಗೆ ಬಂದಾಗ ಅದರ ಅಂಚಿನ ಸೀಳು ಕಂಡಿತು. ಬೆಳಿಗ್ಗೆ ಲೊಸೆನಾಳ ತುಟಿಗೆ ಇಟ್ಟದ್ದು ಅದನ್ನೇ. ಕೈಯಿಂದ ಚಿಪ್ಪು ಜಾರಿತು. ಎಲ್ಲವನ್ನೂ ಹೇಳಿಬಿಟ್ಟೆ.

“ಇದೇ ಚಿಪ್ಪಾ ಅಣ್ಣಾ? ಸರಿಯಾಗಿ ನೋಡು” ಎಂದು ನರ್ಸ್ ಎರಡು ಸಲ ಕೇಳಿದಳು. ಕಾನ್‌ಸ್ಟೆಬಲ್ ತೋಳಿನಿಂದ ಬಾಯಿ ಒರೆಸುತ್ತಲೇ ಇದ್ದರು. ಕುಡಿದವರನ್ನೆಲ್ಲ ಅದೇ ಅಧಿಕಾರದ ಮೇಲೆ ಇಲ್ಲಿಗೆ ತಂದರು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಕಾನ್‌ಸ್ಟೆಬಲ್ ಪಕ್ಕದ ಮಂಚದಲ್ಲಿದ್ದಾರೆ.

ವೈಸಾಕೆ ನಡುಗಡ್ಡೆಗೆ ಹೋಗಿರಲಿಲ್ಲ. “ಇಂಜಿನ್ ಸದ್ದಿನ ಮೇಲೂ ಆ ಮಗು ಉಸಿರು ಎಳೆಯೋದು ಕೇಳಿಸ್ತಿತ್ತು ಕಣೋ, ಬೈಕೋ ಬೇಕಾದ್ರೆ” ಎಂದು ಕಿಟಕಿಯಾಚೆಯಿಂದ ಹೇಳಿದ. ದೋಣಿ ತಿರುಗಿಸಿ ನೇರ ಆಸ್ಪತ್ರೆಯ ಕಟ್ಟೆಗೆ ತಂದಿದ್ದ. ಇನ್ನೊಂದು ಗಂಟೆ ತಡವಾಗಿದ್ದರೆ ಉಸಿರು ನಿಲ್ಲುತ್ತಿತ್ತು ಎಂದು ಡಾಕ್ಟರು ತಿಳಿಸಿದರು. ಗೋಡೆಯಾಚೆ ಲೊಸೆನಾ ಇದ್ದಾಳೆ. ಕತ್ತಿನಲ್ಲಿ ಕೊಳವೆ ಇಟ್ಟಿರುವುದರಿಂದ ಕರೆದರೆ ಉತ್ತರ ಬರುವುದಿಲ್ಲ. ನಾನು ಗೋಡೆ ಬಡಿಯುತ್ತೇನೆ, ಅವಳೂ ಬಡಿಯುತ್ತಾಳೆ. ಇವತ್ತು ಬೆಳಿಗ್ಗೆಯಿಂದ ಆಚೆ ಸದ್ದಿಲ್ಲ. ನಿದ್ದೆ ಇರಬಹುದು ಎಂದು ನರ್ಸ್ ಹೇಳಿದಳು, ನನ್ನ ಮುಖ ನೋಡಲಿಲ್ಲ. ನನಗೂ ಗಂಟಲು ಕೆರೆಯುತ್ತಿದೆ.

ಓದಿಸಿ ಕೇಳಿದೆ. ಶಾರ್ಕ್ ಮೀನೊಂದನ್ನು ಬಿಟ್ಟರೆ ಉಳಿದದ್ದು ನಡೆದಂತೆಯೇ ಇದೆ. ವೈಸಾಕೆಯ ಮೇಲಿನ ದೂರು ಹೊಡೆದುಹಾಕಿ. ನನ್ನ ಕೈಬಿಟ್ಟು ಹೋದದ್ದು ಎರಡು ಸಾವಿರವಲ್ಲ, ನಾಲ್ಕು ಡಾಲರ್. ಅದು ಪೆಟ್ರೋಲಿಗೇ ಸಾಲದು.

ಸ್ಥಳ: ಆಸ್ಪತ್ರೆ, ಪ್ರತ್ಯೇಕ ಕೋಣೆ
ದಿನಾಂಕ: 14 ಆಗಸ್ಟ್ 1974, ಬುಧವಾರ
ಸಹಿ: ಕೊಲಿನಿಯೊ ವಕಾತೊರಾ