ಹದಿನೇಳನೆಯ ಕಿವಿ

ದೀಪ ಹಾಗೇ ಇರಲಿ, ಆರಿಸಬೇಡಿ. ಇದು ಯಾರೋ ಕಟ್ಟಿದ ಕತೆಯಲ್ಲ. ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು.

ರಾತ್ರಿ ಬಹಳ ಹೊತ್ತಾಗಿತ್ತು. ಗಣಿಯ ಹಿಂದಿನ ಹಾಳುಬಾವಿ ಪಕ್ಕದ ದಾರಿಯಲ್ಲಿ ಅವಳೊಬ್ಬಳೇ ಮನೆ ಕಡೆ ನಡೆಯುತ್ತಿದ್ದಳು. ಕಾಲು ಎಲ್ಲಿ ಬೀಳುತ್ತಿದೆ ಅನ್ನೋ ಪರಿವೆಯೇ ಇರಲಿಲ್ಲ. ಅವತ್ತು ಬೆಳಿಗ್ಗೆ ಗಣಿ ಕುಸಿದು ಮೂವರು ಒಳಗೆ ಸಿಕ್ಕಿಬಿದ್ದಿದ್ದರು. ಅವರಲ್ಲಿ ಒಬ್ಬ ಅವಳ ಗಂಡ, ಗಣಿಯ ವೈರ್‌ಮನ್. ಮುಂದಿನ ಬಾಯಿಂದ ಅಗೆದಷ್ಟೂ ಮಣ್ಣು ಮತ್ತೆ ಇಳಿಯುತ್ತಿತ್ತು. "ನೀವು ಮನೆಗೆ ಹೋಗಿ. ಬೆಳಗಾಗಲಿ, ನೋಡೋಣ" ಅಂದಿದ್ದ ಮ್ಯಾನೇಜರ್. ಆ 'ನೋಡೋಣ' ಅಂದರೇನು ಅಂತ ಅವಳಿಗೆ ಗೊತ್ತಿತ್ತು.

ಬಾವಿ ದಾಟುತ್ತಿದ್ದ ಹಾಗೆ ಕೇಳಿಸಿತು. ಟಕ್... ಟಕ್... ಸ್ವಲ್ಪ ತಡೆದು... ಟಕ್.

ಕಲ್ಲಿಗೆ ಕಲ್ಲು ತಾಗಿದ ಸದ್ದು. ಆಳದಿಂದ ಬರುತ್ತಿತ್ತು.

ಅವಳು ಬಾವಿಕಟ್ಟೆಗೆ ಎದೆಯೊತ್ತಿ ಬಗ್ಗಿದಳು. "ರೀ..." ಅಂದಳು.

ಸದ್ದು ನಿಂತಿತು. ಆಮೇಲೆ ಕೆಳಗೆ ಯಾರೋ ಉದ್ದಕ್ಕೆ ಉಸಿರೆಳೆದುಕೊಂಡರು...

ಬಂದ ದಾರಿಯಲ್ಲೇ ಓಡಿದಳು. ಮ್ಯಾನೇಜರ್ ಕೆಟ್ಟವನಲ್ಲ, ಸೋತು ಸುಣ್ಣವಾಗಿದ್ದ. "ಅಮ್ಮಾ, ಹೊಟ್ಟೆಗೆ ಬೆಂಕಿ ಬಿದ್ದಾಗ ಗಾಳಿ ಬೀಸಿದ್ರೂ ಕರೆದ ಹಾಗೆ ಕೇಳುತ್ತೆ. ಬಾವಿಗೂ ಗಣಿಗೂ ನಡುವೆ ಗಟ್ಟಿ ಬಂಡೆ ಇದೆ. ಇರೋ ಆಳುಗಳನ್ನೆಲ್ಲ ಅಲ್ಲಿಗೆ ಕಳಿಸಿ ಏನೂ ಸಿಗದಿದ್ರೆ? ಏನಾದ್ರೂ ಆಧಾರ ಕೊಡಿ."

ಆಧಾರ ಇದ್ದರೆ ಗಣಿ ಆಫೀಸಿನಲ್ಲಿ ಅವಳು ಕೆಲಸ ಮಾಡುವ ಕಂಪ್ಯೂಟರಿನಲ್ಲೇ ಇರಬೇಕು. ಬಂಡೆ ಬಿರುಕು ಬಿಡೋದು ಮೊದಲೇ ಗೊತ್ತಾಗಲಿ ಅಂತ ಗಣಿಯ ಗೋಡೆಗಳೊಳಗೆ ಹದಿನಾರು ಮೈಕು ಹೂತಿದ್ದರು. ಎಲ್ಲರೂ ಅವನ್ನು ಕಿವಿ ಅನ್ನುತ್ತಿದ್ದರು. ಅವು ಕೇಳಿದ್ದನ್ನು ನೋಡಿಕೊಳ್ಳುವ ಇವಳು ಕಿವಿಯಮ್ಮ. ಹದಿನಾರೂ ಕೇಳಿದ್ದು ಅಂಕಿಗಳಾಗಿ ಒಂದೇ ಫೈಲಿಗೆ ಸೇರುತ್ತಿತ್ತು. ಕುಸಿತದ ನಂತರವೂ ಫೈಲು ಬೆಳೆಯುತ್ತಲೇ ಇತ್ತು. ಆದರೆ ಪರದೆಯ ಮೇಲೆ ಹದಿನಾರು ಗೆರೆಗಳೂ ಬರೀ ಗಜಿಬಿಜಿ. ಯಂತ್ರಕ್ಕೆ ತಲೆ ಕೆಟ್ಟಿದೆ ಅಂತ ಎಲ್ಲರೂ ಕೈಬಿಟ್ಟಿದ್ದರು.

ಅವಳು ಫೈಲು ತೆರೆದಳು. ಕಂಪ್ಯೂಟರ್ ಅಷ್ಟನ್ನೂ ಒಂದೇ ತುತ್ತಿಗೆ ನುಂಗಲು ಹೋಗಿ ನಿಂತೇಬಿಟ್ಟಿತು. ಮತ್ತೆ ಶುರು ಮಾಡಿದಳು. ಮತ್ತೆ ನಿಂತಿತು. ಅಳು ಒತ್ತಿಕೊಂಡು ಬಂತು. ಅಳೋಕೆ ಪುರುಸೊತ್ತಿರಲಿಲ್ಲ. ಕೂತು ಪುಟ್ಟದೊಂದು ಪ್ರೋಗ್ರಾಮು ಬರೆದಳು: ಪೂರ್ತಿ ಓದಬೇಡ, ಹೇಳಿದ ಜಾಗಕ್ಕೆ ನೇರ ಹಾರು, ಅಲ್ಲಿಂದ ಒಂದು ತುಂಡು ಮಾತ್ರ ತಾ, ಆಮೇಲೆ ಮುಂದಿನದು.

ತುಂಡುಗಳು ಬಂದವು. ಗಜಿಬಿಜಿ ಹಾಗೇ ಇತ್ತು.

ಅಂಕಿಗಳು ಆ ಫೈಲಿನಲ್ಲಿ ಇಸ್ಪೀಟು ಹಂಚಿದ ಹಾಗೆ ಕೂತಿರುತ್ತವೆ. ಮೊದಲನೇ ಕಿವಿಗೊಂದು, ಎರಡನೆಯದಕ್ಕೊಂದು, ಹದಿನಾರು ಮುಗಿದರೆ ಮತ್ತೆ ಮೊದಲಿಂದ. ಎಷ್ಟು ಜನ ಕೂತಿದ್ದಾರೆ ಅನ್ನೋ ಲೆಕ್ಕ ಒಂದು ತಪ್ಪಿದರೂ ಎಲ್ಲರ ಎಲೆಯೂ ಕಲಸುಮೇಲೋಗರ. ಒಂದೆರಡು ಕಿವಿ ಸತ್ತಿರಬಹುದು ಅಂತ ಹದಿನೈದು ಕೊಟ್ಟು ನೋಡಿದಳು. ಹದಿನಾಲ್ಕು ಕೊಟ್ಟಳು. ಇಲ್ಲ. ಕಿಟಕಿಯಾಚೆ ಅಗೆಯುವ ಯಂತ್ರ ಒಮ್ಮೆ ಗೊರ್ ಅಂದು ಸುಮ್ಮನಾಯಿತು. ನಿಲ್ಲಿಸಿಬಿಟ್ಟರಾ... ಏನೂ ತೋಚದೆ ಹದಿನೇಳು ಅಂತ ಒತ್ತಿದಳು.

ಗೆರೆಗಳು ನೆಟ್ಟಗಾದವು.

ಹದಿನಾರು ಸಾಲುಗಳಲ್ಲಿ ಮಣ್ಣು ಉದುರುವ ಸದ್ದು, ಸರಸರ. ಎಲ್ಲದರ ಕೆಳಗೆ ಇನ್ನೊಂದು ಸಾಲು. ಅವಳು ತಾನು ಬಾವಿಯ ಬಳಿ ಇದ್ದ ಹೊತ್ತಿನ ತುಂಡಿಗೆ ಹಾರಿ, ಹೆಡ್‌ಫೋನ್ ಹಾಕಿಕೊಂಡಳು. ಟಕ್... ಟಕ್... ತಡೆದು... ಟಕ್.

ಆಮೇಲೆ ಒಂದು ಹೆಣ್ಣು ದನಿ, ಮೇಲಿಂದ ಬಂದ ಹಾಗೆ. "ರೀ..."

ಅವಳದೇ ದನಿ.

ಅದರ ಬೆನ್ನಿಗೇ ಯಾರೋ ಉಸಿರೆಳೆದುಕೊಂಡರು. ಮೈಕಿಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ.

ಮ್ಯಾನೇಜರನ್ನು ಎಳೆದುತಂದು ಕೇಳಿಸಿದಳು. ಅವನ ಮುಖ ಸುಣ್ಣದ ಗೋಡೆಯಾಯಿತು.

"ನಾವು ಹಾಕಿಸಿದ್ದು ಹದಿನಾರೇ ಅಲ್ವಾ?"

"ಹೌದು ಸರ್."

"ಮತ್ತೆ ಇದು ಯಾರದು?"

"ಗೊತ್ತಿಲ್ಲ ಸರ್. ನಾನು ಬಾವಿಯಲ್ಲಿ ಕರೆದದ್ದು ಒಳಗೆ ಕೇಳಿಸಿದೆ. ಅಷ್ಟು ಸಾಲದಾ? ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಬೀಳಗೊಡಲಿಲ್ಲ. ಆಳುಗಳನ್ನು ಬಾವಿಗೆ ತಿರುಗಿಸಿದ. ಕೆಳಗೆ ಬಂಡೆ ಕೊರೆದರೆ ನಡುವೆ ಒಂದು ಪೊಳ್ಳು. ಪೊಳ್ಳಿನಾಚೆ ಮೂವರೂ ಗೋಡೆಗೊರಗಿ ಕೂತಿದ್ದರು. ಉಸಿರಿತ್ತು.

ಒಬ್ಬೊಬ್ಬರನ್ನೇ ಹಗ್ಗದ ಕುಣಿಕೆಯಲ್ಲಿ ಕೂರಿಸಿ ಮೇಲಕ್ಕೆಳೆದರು. ಅವಳ ಗಂಡನ ಕಣ್ಣು ಬಾಯೆಲ್ಲ ಮಣ್ಣು. ಅವಳು ಸೆರಗಿನಿಂದ ಒರೆಸುತ್ತ ಕಿವಿಯಲ್ಲಿ ಹೇಳಿದಳು, "ನೀವು ತಟ್ಟಿದ್ದಕ್ಕೆ ಉಳಿದುಕೊಂಡ್ರಿ."

ಅವನು ಅವಳ ಮುಖವನ್ನೇ ನೋಡಿದ. "ನಾವೆಲ್ಲಿ ತಟ್ಟಿದ್ವಿ? ಬೆರಳಾಡಿಸಿದ್ರೂ ಮೇಲಿಂದ ಉದುರ್ತಿತ್ತು. ಉಸಿರು ಬಿಗಿಹಿಡಿದು ಕೂತಿದ್ವಿ."

"ಮತ್ತೆ..."

"ನೀವು ಆಚೆಯಿಂದ ತಟ್ತಿದ್ದೀರಿ ಅಂದ್ಕೊಂಡ್ವಿ. ಅದನ್ನು ಕೇಳಿಕೊಂಡೇ ಜೀವ ಹಿಡಿದಿದ್ದು."

ಅವಳು ಅವನ ಕೈ ಬಿಡಲಿಲ್ಲ.

ಕೊನೆಗೆ ಕೊರೆಯಲು ಇಳಿದವರೂ ಮೇಲೆ ಬಂದರು. ಮ್ಯಾನೇಜರ್ ಒಬ್ಬೊಬ್ಬರ ಭುಜ ಮುಟ್ಟಿ ನೋಡಿದ, ಕೆಳಗೆ ಯಾರೂ ಉಳಿದಿರಲಿಲ್ಲ. ಹಗ್ಗ ಇನ್ನೂ ಬಾವಿಯೊಳಗೇ ನೇತಾಡುತ್ತಿತ್ತು. ಸುತ್ತಿಡೋಣ ಅಂತ ಒಬ್ಬ ಹಿಡಿದುಕೊಂಡ. ಅದು ಬಿಗಿಯಾಯಿತು. ಕೆಳಗಿನಿಂದ ಎರಡು ಸಲ ಜಗ್ಗಿತು, ಮೇಲಕ್ಕೆಳೆಯಿರಿ ಅನ್ನೋ ಹಾಗೆ. ಎಳೆದರು. ಒಬ್ಬಾಳಿನಷ್ಟು ಭಾರ, ಬಾವಿಕಟ್ಟೆಯವರೆಗೂ.

ನಂಬಿ, ಬಿಡಿ. ಹಗ್ಗ ಎಳೆದವರಲ್ಲಿ ಒಬ್ಬ ನಮ್ಮ ಬೀದಿಯವನೇ. ನಾನೇ ಕೂರಿಸಿಕೊಂಡು ಕೇಳಿದ್ದೀನಿ. ಮೇಲೆ ಬಂದದ್ದು ಖಾಲಿ ಕುಣಿಕೆ. ಮುಟ್ಟಿದರೆ ಇನ್ನೂ ಬೆಚ್ಚಗಿತ್ತಂತೆ.